ಕಾರಿಗೆ ಕೇಳಿಸದ ಮಾತು

ಬುರ್ಖಾದ ಬಲತೋಳನ್ನು ಮೊಣಕೈವರೆಗೆ ಮಡಚಿ, ಜಾರದಂತೆ ಸೇಫ್ಟಿ ಪಿನ್ ಚುಚ್ಚಿ, ಮೀನಿನ ಮುಳ್ಳಿನಂಥ ಆಂಟೆನಾ ಎತ್ತಿ ಹಿಡಿದು ನಮ್ಮ ಮೇಡಂ ಕಾಲೇಜಿನ ತಾರಸಿಯ ಮೇಲೆ ನಿಧಾನಕ್ಕೆ ಒಂದು ಸುತ್ತು ತಿರುಗುತ್ತಿದ್ದರು. ಹೊಸ ಹುಡುಗಿಯರು ನಗುತ್ತಿದ್ದರು. ಮೇಡಂ ಬೇಸರಪಟ್ಟವರಲ್ಲ. "ನಗ್ತಾನೇ ಲ್ಯಾಪ್‌ಟಾಪಿಗೆ ನೆರಳು ಹಿಡೀರಿ, ಪರದೆ ಕಾಣ್ತಿಲ್ಲ" ಎನ್ನುತ್ತಿದ್ದರು.

ಕಡೂರಿನ ನಮ್ಮ ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದ ಅವರು ತರೀಕೆರೆಯಿಂದ ದಿನಾ ರೈಲಿನಲ್ಲಿ ಬರುತ್ತಿದ್ದರು. ಬೀರೂರು ದಾಟುವುದರೊಳಗೆ ಬುತ್ತಿ ಖಾಲಿ ಮಾಡಿ, ಮಧ್ಯಾಹ್ನ ನಮ್ಮ ಡಬ್ಬಿಗಳಿಗೆ ಸಂಕೋಚವಿಲ್ಲದೆ ಕೈಹಾಕುತ್ತಿದ್ದರು. ವೈರ್‌ಲೆಸ್ ಸಿಗ್ನಲ್‌ಗಳಿಗೆ ಬೇಕೆಂದೇ ಅಡ್ಡಿ ಮಾಡುವವರನ್ನು ಪತ್ತೆ ಹಚ್ಚುವುದು ಅವರ ಸಂಶೋಧನೆ. ಯಾವುದಾದರೂ ಯಂತ್ರ ಕೆಟ್ಟು ನಾವು ಗೊಣಗಿದರೆ, "ಮೊದ್ಲು ಕೇಳೋಣ, ಆಮೇಲೆ ಬೈಯೋಣ" ಎಂದು ಹೆಡ್‌ಫೋನ್ ಏರಿಸಿಕೊಳ್ಳುತ್ತಿದ್ದರು.

ನಾನು ಕೊನೆಯ ವರ್ಷದಲ್ಲಿದ್ದಾಗ ನಮ್ಮ ಮನೆಯ ಮೇಲೆ ಒಂದು ಕಳ್ಳತನದ ನೆರಳು ಬಿತ್ತು. ಅಪ್ಪ ಸಿಂಗಟಗೆರೆಯ ಕೊಬ್ಬರಿ ವ್ಯಾಪಾರಿಯೊಬ್ಬರ ಕಾರು ಓಡಿಸುತ್ತಿದ್ದ. ಅವರ ಮಗಳ ಮದುವೆ ಅಜ್ಜಂಪುರದ ಕಲ್ಯಾಣ ಮಂಟಪದಲ್ಲಿ. ಅಪ್ಪ ಕಾರು ನಿಲ್ಲಿಸಿ, ರಿಮೋಟ್ ಒತ್ತಿ, ಊಟಕ್ಕೆ ಹೋದ. ಬಂದು ನೋಡಿದರೆ ಡಿಕ್ಕಿಯಲ್ಲಿದ್ದ ಒಡವೆಯ ಚೀಲ ಇಲ್ಲ. ಗಾಜು ಒಡೆದಿಲ್ಲ, ಬಾಗಿಲು ಮೀಟಿಲ್ಲ.

"ಬೀಗ ಹಾಕೋದು ಮರ್ತೆ ಅಂತ ಒಪ್ಕೊಳ್ಳಯ್ಯಾ" ಎಂದರು ವ್ಯಾಪಾರಿ. ಪೊಲೀಸರೂ ಅದನ್ನೇ ತಿರುಗಿಸಿ ಮುರುಗಿಸಿ ಕೇಳಿದರು. ಕೇಳಿ ಕೇಳಿ ಅಪ್ಪನಿಗೇ ಅನುಮಾನ ಬಂತು. "ಮರ್ತಿರ್ಬೇಕು ಕಣೇ. ವಯಸ್ಸಾಯ್ತು" ಎಂದು ಅಮ್ಮನ ಹತ್ತಿರ ಹೇಳಿ, ಕೆಲಸ ಬಿಟ್ಟು ಮನೆಯಲ್ಲಿ ಕೂತ.

ವಿಷಯ ತಿಳಿದ ಸಂಜೆಯೇ ಮೇಡಂ ರೈಲು ಹೋದರೆ ಹೋಗಲಿ ಎಂದು ನಮ್ಮ ಮನೆಗೆ ಬಂದರು. ಜಗಲಿಯಲ್ಲಿ ಅಪ್ಪನ ಎದುರಿಗೆ ಕೂತು ಕೇಳಿದರು: "ಡ್ರೈವರಣ್ಣ, ಬಟನ್ ಒತ್ತಿದಾಗ ಇಂಡಿಕೇಟರ್ ಮಿನುಗ್ತಾ?"

"ನೋಡಿಲ್ಲ ಮೇಡಂ. ಬಿಸ್ಲು ರಾಚ್ತಿತ್ತು. ವಾಲಗದ ಸದ್ದು ಬೇರೆ."

"ಒತ್ತಿದ್ದು ಗ್ಯಾರಂಟಿನಾ?"

ಅಪ್ಪ ತನ್ನ ಹೆಬ್ಬೆರಳನ್ನೇ ನೋಡಿಕೊಂಡ. "ಒತ್ತಿದೆ ಅಂತಾನೇ ಅಂದ್ಕೊಂಡಿದ್ದೆ."

ಮೇಡಂ ಬಿಡಿಸಿ ಹೇಳಿದರು. ರಿಮೋಟ್ ಕಾರಿಗೆ ಸಣ್ಣ ದನಿಯಲ್ಲಿ ಬೀಗ ಹಾಕಿಕೋ ಅನ್ನುತ್ತದೆ. ಅದೇ ಹೊತ್ತಿಗೆ ಅದೇ ತರಂಗದಲ್ಲಿ ಪಕ್ಕದಲ್ಲೊಬ್ಬ ಗದ್ದಲ ಎಬ್ಬಿಸಿದರೆ ಕಾರಿಗೆ ಆ ಮಾತು ಕೇಳಿಸುವುದಿಲ್ಲ. ಒತ್ತಿದವನು ಬೀಗ ಬಿತ್ತೆಂದು ನಡೆದುಬಿಡುತ್ತಾನೆ. ಅಪ್ಪ ತಲೆಯಾಡಿಸಿದ. ನಂಬಿದಂತೆ ಕಾಣಲಿಲ್ಲ.

ಆ ಮದುವೆಯ ಸೀಸನ್ನಿನಲ್ಲಿ ನಾನೂ ಮೇಡಮ್ಮೂ ಕರೆಯದ ಮದುವೆಗಳಿಗೆಲ್ಲ ಹೋದೆವು. ಆಂಟೆನಾಕ್ಕೆ ಉಡುಗೊರೆಯ ಕಾಗದ ಸುತ್ತಿಕೊಂಡು ಮಂಟಪಗಳ ಹೊರಗೆ ಕಾರು ನಿಲ್ಲಿಸುವ ಕಡೆ ಕಾಯುತ್ತಿದ್ದೆವು. ಒಂದು ಸಲ ಲ್ಯಾಪ್‌ಟಾಪಿನ ಪರದೆಯ ಮೇಲೆ ಸಿಗ್ನಲ್ಲಿನ ಗೆರೆ ಎದ್ದಿದ್ದು ಕಂಡು ಓಡಿದರೆ, ಅದು ಯಾರದೋ ಮನೆಯ ವೈರ್‌ಲೆಸ್ ಕರೆಗಂಟೆ, ಕೆಟ್ಟು ಒಂದೇ ಸಮನೆ ಸಿಗ್ನಲ್ ಬಿಡುತ್ತಿತ್ತು. ಮೇಡಂ ಅದನ್ನು ಸರಿಮಾಡಿಕೊಟ್ಟು, ಅವರ ಮನೆಯಲ್ಲಿ ಕಾಫಿ ಕುಡಿದು ಬಂದರು.

ಕಡೂರಿನ ಒಂದು ಮಂಟಪದ ಮುಂದೆ ಕಂಡ ಗೆರೆ ಬೇರೆ ತರಹದ್ದು. ಯಾರಾದರೂ ಕಾರಿನಿಂದ ಇಳಿದಾಗ ಮಾತ್ರ ಏಳುತ್ತಿತ್ತು, ಅವರು ಒಳಗೆ ಹೋದ ಮೇಲೆ ಬೀಳುತ್ತಿತ್ತು. ಕೆಟ್ಟ ಯಂತ್ರಕ್ಕೆ ಕಣ್ಣಿರುವುದಿಲ್ಲ, ಇದರ ಹಿಂದೆ ನೋಡುತ್ತಿರುವ ಮನುಷ್ಯನಿದ್ದಾನೆ ಎಂದರು ಮೇಡಂ. ಆಂಟೆನಾ ತಿರುಗಿಸುತ್ತಾ ಹೋದಂತೆ ಗೆರೆ ಒಂದೇ ದಿಕ್ಕಿಗೆ ಎತ್ತರವಾಯಿತು. ಎಳನೀರು ಗಾಡಿಯ ಪಕ್ಕ ಸ್ಕೂಟರಿನ ಮೇಲೆ ಕೂತವನೊಬ್ಬ ಜೇಬಿನಿಂದ ಕೈ ತೆಗೆಯುತ್ತಿರಲಿಲ್ಲ. ನಾವು ಮೊದಲೇ ಹೇಳಿಟ್ಟಿದ್ದ ಪೊಲೀಸರು ಬಂದು ಅವನನ್ನು ಹಿಡಿದರು. ಜೇಬಿನಲ್ಲಿ ಗದ್ದಲ ಎಬ್ಬಿಸುವ ಸಾಧನ ಸಿಕ್ಕಿತು. ಅಜ್ಜಂಪುರದ ಕೆಲಸವನ್ನೂ ಅವನು ಒಪ್ಪಿಕೊಂಡ. ಒಡವೆ ಮಾತ್ರ ಸಿಗಲಿಲ್ಲ.

ವ್ಯಾಪಾರಿ ಬಂದು ಅಪ್ಪನ ಕೈ ಹಿಡಿದು, ಮತ್ತೆ ಕೆಲಸಕ್ಕೆ ಬಾ ಎಂದರು. ಅಪ್ಪ ಹೋಗಲಿಲ್ಲ. ಯಾಕೆಂದು ಕೇಳಿದ ಮೇಡಮ್ಮಿಗೆ, "ಬೇರೇವ್ರು ನಂಬ್ಲಿಲ್ಲ ಅಂತಲ್ಲ ಮೇಡಂ. ನನ್ನನ್ನ ನಾನೇ ನಂಬ್ಲಿಲ್ವಲ್ಲ" ಎಂದ. ಆಮೇಲೆ ಯಾರ ಕಾರಿನ ಸ್ಟೀರಿಂಗನ್ನೂ ಮುಟ್ಟಲಿಲ್ಲ.

ಆ ಮಾತು ಮೇಡಮ್ಮಿಗೆ ಎಲ್ಲೋ ನಾಟಿತು. ಆ ಸಂಜೆ ಸ್ಟೇಷನ್ನಿನ ಬೆಂಚಿನ ಮೇಲೆ ನನಗೆ ಹೇಳಿದರು: "ಈ ಅಡ್ಡಿ ಹೆಂಗೆ ಮಾಡ್ತಾರೆ ಅಂತ ವರ್ಷವರ್ಷವೂ ಬೋರ್ಡ್ ಮೇಲೆ ಬರೆದಿದೀನಿ ಕಣಮ್ಮ. ಪರೀಕ್ಷೆಗೆ ಬರುತ್ತೆ ಅಂತ ಗೆರೆ ಎಳೆಸಿದೀನಿ. ದಿನಾ ಟ್ಯಾಕ್ಸಿ ಸ್ಟ್ಯಾಂಡ್ ಮುಂದೇನೇ ನಡ್ಕೊಂಡ್ ಬರ್ತೀನಿ. ಅಲ್ಲಿ ಒಬ್ರಿಗೂ ಹೇಳ್ಲಿಲ್ಲ."

ಆಮೇಲಿನ ಭಾನುವಾರಗಳನ್ನೆಲ್ಲ ಅವರು ಕಡೂರು, ತರೀಕೆರೆ, ಅಜ್ಜಂಪುರದ ಸ್ಟ್ಯಾಂಡುಗಳಲ್ಲಿ ಕಳೆದರು. ಬಟನ್ ಒತ್ತಿದ ಮೇಲೆ ಹಿಡಿಕೆ ಎಳೆದು ನೋಡಿ, ತೆರೆದುಕೊಂಡರೆ ಕೀಲಿಯಿಂದಲೇ ಬೀಗ ಹಾಕಿ ಎಂದು ಡ್ರೈವರುಗಳಿಗೆ ಮಾಡಿ ತೋರಿಸುತ್ತಿದ್ದರು. ಅಪ್ಪನನ್ನೂ ಕರೆದರು. ಅವನು ಒಂದು ದಿನವೂ ಹೋಗಲಿಲ್ಲ.

ಹೋದ ವರ್ಷ ಮೇಡಮ್ಮಿಗೆ ಜ್ವರ ಬಂತು. ಅದು ಮೆದುಳಿಗೇರಿ, ಶಿವಮೊಗ್ಗದ ಆಸ್ಪತ್ರೆಯಲ್ಲಿ ತೀರಿಕೊಂಡರು. ಸುದ್ದಿ ಬಂದಾಗ ನನಗೆ ಬಸ್ಸಿಗೆ ಕಾಯುವಷ್ಟು ತಾಳ್ಮೆಯಿರಲಿಲ್ಲ. ಅಪ್ಪ ಪಕ್ಕದ ಮನೆಯವರ ಕಾರಿನ ಕೀಲಿ ಕೇಳಿ ತಂದ. ಆ ಕಾರಿನಲ್ಲೇ ತರೀಕೆರೆಗೆ ಹೋದೆವು.

ಅವರ ಮನೆಯ ನಡುಕೋಣೆಯಲ್ಲಿ ಹೆಂಗಸರ ನಡುವೆ ಕೂತಿದ್ದ ಮೇಡಂ ತಾಯಿ ನನ್ನ ಗುರುತು ಹಿಡಿದರು. ಬಾಗಿಲಲ್ಲಿ ನಿಂತಿದ್ದ ಅಪ್ಪನನ್ನು ನೋಡಿ ಕೇಳಿದರು: "ನೀವೇನಾ ಡ್ರೈವರಣ್ಣ? ಹೆಂಗೆ ಬಂದ್ರಿ?"

"ಕಾರಲ್ಲಿ ಬಂದ್ವಿ ತಾಯಿ. ನಾನೇ ಓಡಿಸ್ಕೊಂಡು ಬಂದೆ."

ಆ ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ಮೆಲ್ಲಗೆ ಹೇಳಿದರು: "ಅಮ್ಮಿ, ಡ್ರೈವರಣ್ಣ ಮತ್ತೆ ಗಾಡಿ ಹಿಡಿದ್ರೆ ಅವ್ರ ಕಾರಲ್ಲೇ ನಿನ್ನ ಕೂರಿಸ್ಕೊಂಡು ಊರೆಲ್ಲ ಸುತ್ತಿಸ್ತೀನಿ, ಅಂತ ನಂಗೆ ಹೇಳ್ತಿದ್ಳು ನನ್ ಮಗಳು. ಮತ್ತೆ ಓಡ್ಸಿ ಅಂತ ಅವ್ರನ್ನ ಕೇಳಕ್ಕೆ ನಾಚ್ಕೆ ಆಯ್ತಿದೆ, ಮೊದ್ಲೇ ಸ್ಟ್ಯಾಂಡಲ್ಲಿ ಹೇಳಿದ್ರೆ ಹಿಂಗಾಗ್ತಿರ್ಲಿಲ್ಲ ಅಂತಿದ್ಳು."