ಕೋಟೆಯ ಊರಿಗೆ ಹೋದ ಗಂಧದ ಪೆಟ್ಟಿಗೆ

ಅರವತ್ತರ ದಶಕದಲ್ಲಿ ಕುಶಲಕರ್ಮಿಗಳ ತಂಡವೊಂದನ್ನು ಸರ್ಕಾರ ಜಪಾನಿಗೆ ಕಳಿಸಿದಾಗ ಶಿರಸಿಯಿಂದ ನನ್ನ ಹೆಸರು ಬಂತು. ಹೋಗಬೇಕಾದವನು ಅಪ್ಪ. ಗಂಧದ ಕೆತ್ತನೆಯಲ್ಲಿ ಅವನನ್ನು ಸರಿಗಟ್ಟುವವರು ನಮ್ಮ ಗುಡಿಗಾರರಲ್ಲೇ ಇರಲಿಲ್ಲ. ಆದರೆ ಕಣ್ಣು ಮಂಜಾಗಿತ್ತು. ಆ ಕಣ್ಣಿನಲ್ಲೇ ಮಳೆಗಾಲವಿಡೀ ಕೂತು ಒಂದು ಪೆಟ್ಟಿಗೆ ಕೆತ್ತಿ ಮುಗಿಸಿದ.

"ಅಲ್ಲಿ ದೊಡ್ಡ ಕೆತ್ತನೆಗಾರ ಯಾರಾದ್ರೂ ಸಿಕ್ರೆ ಕೊಡು. ಎಂತ ಹೇಳ್ತಾರೆ ಕೇಳ್ಕಂಡು ಬಾ. ನಾನು ಉಳಿ ಹಿಡಿಯೂದೋ ಬಿಡೂದೋ ಆಮೇಲೆ ನೋಡ್ವ."

ದಾರಿಯಲ್ಲಿ ಮುಕ್ಕಾಗಬಾರದೆಂದು ಪೆಟ್ಟಿಗೆಯನ್ನು ಹಲಗೆಯ ಡಬ್ಬಿಯೊಳಗಿಟ್ಟು, ಕೆತ್ತುವಾಗ ಉದುರಿದ ಗಂಧದ ಚಕ್ಕೆಗಳನ್ನೇ ಸುತ್ತ ತುಂಬಿದೆವು. ಬೇರೆಯವರು ಹುಲ್ಲು ತುಂಬುತ್ತಾರೆ. ನಮ್ಮ ಮನೆಯಲ್ಲಿ ಕೈಗೆ ಸಿಗುತ್ತಿದ್ದುದು ಅದೇ.

ಜಪಾನಿನಲ್ಲಿ ನಮ್ಮನ್ನು ಕರೆದೊಯ್ದ ಊರು ಸರೋವರದ ದಂಡೆಯ ಮೇಲಿತ್ತು. ನಡುವೆ ಕಪ್ಪು ಹಲಗೆಯ ಕೋಟೆ. ನಮ್ಮ ಶಿರಸಿಯಲ್ಲೂ ಕೋಟೆಕೆರೆ ಇದೆ, ಕೋಟೆ ಹೆಸರಿನಲ್ಲಿ ಮಾತ್ರ ಇದೆ. ಅಲ್ಲಿ ಎರಡೂ ಇದ್ದುದನ್ನು ಕಂಡು ಹೊಟ್ಟೆಕಿಚ್ಚಾಯಿತು. ಬೀದಿಯುದ್ದಕ್ಕೂ ಕುಂಬಾರರು, ಕಾಗದ ಮಾಡುವವರು, ಮರಗೆಲಸದವರು. ಗರಗಸವನ್ನು ಮುಂದೆ ತಳ್ಳದೆ ತಮ್ಮತ್ತ ಎಳೆದು ಕೊಯ್ಯುತ್ತಿದ್ದರು. ನಾನು ಹಾಗೆ ಕೊಯ್ದಿದ್ದರೆ ಅಪ್ಪ ತಲೆಗೊಂದು ಮೊಟಕುತ್ತಿದ್ದ.

ತಂಡದ ದುಭಾಷಿ ನನ್ನನ್ನು ಊರಿನ ಹಿರಿಯ ಕೆತ್ತನೆಗಾರರ ಮನೆಗೆ ಕರೆದೊಯ್ದ. ಡಬ್ಬಿಯನ್ನು ಅವರ ಮುಂದಿಟ್ಟೆ. ತಂದವರ ಎದುರೇ ಉಡುಗೊರೆ ಬಿಚ್ಚುವುದು ಅಲ್ಲಿ ಮರ್ಯಾದೆಯಲ್ಲವಂತೆ. ನಾನು ಬಿಡಲಿಲ್ಲ. ನನ್ನ ಹಟಕ್ಕೆ ಮುಚ್ಚಳ ಸರಿಸಿದರು. ಮೇಲಿದ್ದ ಚಕ್ಕೆಯೊಂದನ್ನು ಎತ್ತಿ ಮೂಸಿದವರೇ ಹೆಂಡತಿ, ಮಗ, ಸೊಸೆ ಎಲ್ಲರನ್ನೂ ಕರೆದರು. ಬೂದಿ ತುಂಬಿದ ಬಟ್ಟಲಿನಲ್ಲಿ ಕೆಂಡ ಬಂತು. ಅದರ ಮೇಲೆ ಚಕ್ಕೆ ಇಟ್ಟು ಎಲ್ಲರೂ ಕಣ್ಣು ಮುಚ್ಚಿ ಕೂತರು.

ಗಂಧದ ಚಕ್ಕೆ ಬೆಂಕಿಗೆ ಬಿದ್ದದ್ದನ್ನು ನಾನು ಕಂಡದ್ದು ಅಜ್ಜನ ಚಿತೆಯಲ್ಲಿ.

ಆಮೇಲೆ ಅವರು ಹಣೆ ಚಾಪೆಗೆ ತಾಗುವಂತೆ ನನಗೆ ಬಾಗಿದರು, ಡಬ್ಬಿಯ ಮುಚ್ಚಳ ಹಾಕಿಬಿಟ್ಟರು. ಉಡುಗೊರೆ ಆ ಚಕ್ಕೆಯಲ್ಲ, ಒಳಗಿರುವ ಪೆಟ್ಟಿಗೆ ಎಂದು ದುಭಾಷಿಗೆ ನನ್ನ ಹರಕು ಹಿಂದಿಯಲ್ಲಿ ಹೇಳಿದೆ. ಇಷ್ಟು ಸಿಕ್ಕ ಮೇಲೂ ಕೆದಕಿದರೆ ದುರಾಸೆಯಾಗುತ್ತದೆ, ಉಳಿದದ್ದನ್ನು ನಾವು ಹೋದ ಮೇಲೆ ನೋಡುತ್ತಾರೆ ಅಂದ. ಹೊರಗೆ ನಮ್ಮ ತಂಡದ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಊಟಕ್ಕೆ ಕೂತವರು ಬಾಳೆಲೆಯನ್ನು ಹೊಗಳಿ ಎದ್ದ ಹಾಗಾಯಿತು.

ಶಿರಸಿಯಲ್ಲಿ ನಾನಿನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ಅಪ್ಪ ಕೇಳಿದ.

"ಎಂತ ಹೇಳ್ದ್ರು?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. ನಡೆದದ್ದನ್ನು ಹೇಳಿದೆ. ಬಯ್ಯುತ್ತಾನೆ, ಇಲ್ಲವೇ ನಗುತ್ತಾನೆ ಅಂದುಕೊಂಡಿದ್ದೆ. ಅವನು ಕೂತಲ್ಲೇ ನೆಲ ತಡಕಿ ಒಂದು ಚಕ್ಕೆ ತೆಗೆದು ಮೂಗಿಗೆ ಹಿಡಿದ. ಬಹಳ ಹೊತ್ತು ಹಿಡಿದೇ ಇದ್ದ.

"ಹಾಂಗಾರೆ ಇಷ್ಟು ವರ್ಷ ನಾನು ಒಳ್ಳೇದನ್ನೇ ಕೆತ್ತಿ ಕೆತ್ತಿ ಬಿಸಾಕ್ದ್ನಾ?"

ಮರುದಿನ ಬೆಳಿಗ್ಗೆ ಅಪ್ಪ ತನ್ನ ಉಳಿಗಳಿಗೆಲ್ಲ ಎಣ್ಣೆ ಸವರಿ ನನ್ನ ಕೆತ್ತನೆಯ ಮಣೆಯ ಪಕ್ಕ ಇಟ್ಟು ಹೋದ.