ಬೆಡ್‌ಶೀಟಿನ ಇನ್ನೊಂದು ತುದಿ

ಐವತ್ತಾರು ತುಂಬಿದ ಮೇಲೂ ಅವನು ರೂಮ್‌ಬಾಯ್. ಲಾಡ್ಜುಗಳಲ್ಲಿ ಆ ಕೆಲಸಕ್ಕೆ ಬೇರೆ ಹೆಸರಿಲ್ಲ. ತಲೆ ನರೆತವನನ್ನು ಬಾಯ್ ಎಂದು ಕೂಗಲು ನಾಲಗೆ ಹೊರಳದ ಗಿರಾಕಿಗಳು ಕೊನೆಗೊಂದು ಅಣ್ಣ ಸೇರಿಸಿದರು. ಬಾಯಣ್ಣ ಎಂಬ ಹೆಸರು ಹಾಗೆ ನಿಂತಿತು.

ಕೆರೆಯ ದಂಡೆಯ ಆ ಲಾಡ್ಜಿಗೆ ಹದಿನಾಲ್ಕು ಕೋಣೆ, ಮೇಲೊಂದು ತಾರಸಿ. ಕೋಣೆಗಳನ್ನು ಬಾಯಣ್ಣ ನೋಡಿಕೊಳ್ಳುತ್ತಿದ್ದ, ಬಟ್ಟೆ ಒಗೆಯುವ ಕೆಲಸ ಅವನ ಹೆಂಡತಿಯದು. ಇಪ್ಪತ್ತೆರಡು ವರ್ಷದಿಂದ ಇಬ್ಬರೂ ಒಟ್ಟಿಗೇ ಕೆಲಸಕ್ಕೆ ಹೋಗಿ ಒಟ್ಟಿಗೇ ಮನೆಗೆ ಬಂದವರು, ಎರಡೂ ದಾರಿಯಲ್ಲಿ ಜಗಳವಾಡಿಕೊಂಡು.

ಮೊದಲೆಲ್ಲ ಬಂದವರು ಚೀಲ ಇಳಿಸುವ ಮೊದಲೇ ಇಲ್ಲಿ ನೋಡುವುದಕ್ಕೆ ಏನಿದೆ ಎಂದು ಕೇಳುತ್ತಿದ್ದರು. ಬಾಯಣ್ಣ ಲೋಟದ ನೀರಿನಲ್ಲಿ ಬೆರಳದ್ದಿ ಮೇಜಿನ ಮೇಲೆ ದಾರಿ ಬರೆಯುತ್ತಿದ್ದ. ಇದು ಕೆರೆ, ಇದು ಗುಡ್ಡ, ಇಲ್ಲಿ ಚಪ್ಪಲಿ ಜಾರುತ್ತದೆ, ಹುಷಾರು. ನೀರು ಆರುವುದರೊಳಗೆ ಅವರು ದಾರಿ ನೆನಪಿಟ್ಟುಕೊಳ್ಳಬೇಕಿತ್ತು. ಈಗ ಯಾರೂ ಕೇಳುವುದಿಲ್ಲ. ಎಲ್ಲವನ್ನೂ ಫೋನಿನಲ್ಲಿ ನೋಡಿಯೇ ಬಂದಿರುತ್ತಾರೆ. ಗುಡ್ಡದ ಮೇಲೆ ಯಾವ ಬಂಡೆಯ ಯಾವ ಮೂಲೆಯಲ್ಲಿ ನಿಲ್ಲಬೇಕೆಂದು ಅವನಿಗೇ ತೋರಿಸುತ್ತಾರೆ. ನೂರು ಸಲ ಹತ್ತಿದ ಗುಡ್ಡ ಆ ಚಿತ್ರದಲ್ಲಿ ಅವನಿಗೆ ಗುರುತು ಹತ್ತುವುದಿಲ್ಲ. ಇವರು ಊರು ನೋಡುವುದಕ್ಕೆ ಬರುತ್ತಾರೋ, ಆಗಲೇ ನೋಡಿದ್ದು ಸರಿಯಾಗಿದೆಯೇ ಎಂದು ತಾಳೆ ಹಾಕುವುದಕ್ಕೆ ಬರುತ್ತಾರೋ, ಅವನಿಗೆ ಬಗೆಹರಿದಿರಲಿಲ್ಲ.

ಅಷ್ಟರಲ್ಲಿ ಅವನನ್ನೇ ನೋಡಲು ಬರತೊಡಗಿದರು.

ಶುರುವಾದದ್ದು ಒಂದು ಫೋನ್ ಕರೆಯಿಂದ. ಎಣಿಸುವ ಮನುಷ್ಯ ಇರುವ ಲಾಡ್ಜು ಇದೇ ತಾನೇ ಎಂದು ಯಾರೋ ಕೇಳಿದರು. ರಾಂಗ್ ನಂಬರ್ ಎಂದು ಬಾಯಣ್ಣ ಇಟ್ಟುಬಿಟ್ಟ. ಅದೇ ದಿನ ಇನ್ನೂ ನಾಲ್ವರಿಗೆ ಹಾಗೆಯೇ ಹೇಳಿದ. ಸಂಜೆ ಲಾಡ್ಜಿನ ಯಜಮಾನರ ಸೊಸೆ ಬಂದು ಫೋನನ್ನು ಅವನ ಮುಖದ ಮುಂದೆ ಹಿಡಿದಳು. ತಿಂಗಳ ಹಿಂದೆ ಸೂರ್ಯೋದಯದ ಚಿತ್ರ ತೆಗೆಯಲು ತಾರಸಿ ಹತ್ತಿದ್ದ ಒಬ್ಬ ಹುಡುಗಿ ತೆಗೆದ ವಿಡಿಯೊ ಅದು. ಬಿಳಿಯ ಬೆಡ್‌ಶೀಟು, ಅದರ ತುಂಬ ಗಾಳಿ, ಗಾಳಿಯ ತುಂಬ ಬಿಸಿಲು. ಆಚೆ ತುದಿಯಲ್ಲಿ ಬಾಯಣ್ಣ. ಈಚೆ ತುದಿಯಲ್ಲಿ ಮಣಿಕಟ್ಟಿನವರೆಗೆ ಎರಡು ಕೈ. ಹೆಂಡತಿಯ ಭುಜದ ಪಕ್ಕದಿಂದ ತೆಗೆದದ್ದರಿಂದ ಅವಳು ಅಷ್ಟೇ ಸಿಕ್ಕಿದ್ದಳು. ಲಕ್ಷಾಂತರ ಜನ ಅದಕ್ಕೆ ಹೃದಯದ ಗುರುತು ಒತ್ತಿದ್ದರು. ಇದನ್ನು ಕೇಳಿದರೆ ನಿದ್ದೆ ಬರುತ್ತದೆ ಎಂದು ಒಬ್ಬರು, ಇದು ಯಾವ ಪ್ರಾರ್ಥನೆ ಎಂದು ಇನ್ನೊಬ್ಬರು ಬರೆದಿದ್ದರು.

ಪ್ರಾರ್ಥನೆಯೂ ಅಲ್ಲ, ಹಾಡೂ ಅಲ್ಲ. ಡಬಲ್ ಮಂಚದ ಶೀಟನ್ನು ಒಬ್ಬರೇ ಮಡಚಿದರೆ ನೆಲ ಒರೆಸಿದ ಹಾಗಾಗುತ್ತದೆ, ಅದಕ್ಕೇ ಇಬ್ಬರು. ಲೆಕ್ಕ ತಪ್ಪಬಾರದೆಂದು ಒಂದು ಶೀಟಿಗೆ ಅವನು ‘ಒಂದೂ’ ಎಂದು ಎಳೆಯುತ್ತಿದ್ದ, ಮುಂದಿನದಕ್ಕೆ ಅವಳು ‘ಎರಡೂ’ ಎನ್ನುತ್ತಿದ್ದಳು. ಸೂರ್ಯ ಅವನ ಬೆನ್ನಿಗೆ, ಅವಳ ಎದುರಿಗೆ. ಬಟ್ಟೆಯೊಳಗಿಂದ ಬೆಳಕು ಹಾಯ್ದು ಬರುವಾಗ, ಒಗೆದರೂ ಉಳಿದ ಕಲೆ ಅವಳ ಕಣ್ಣಿಗೆ ಮಾತ್ರ ಬೀಳುತ್ತಿತ್ತು. ಬಿದ್ದ ಕೂಡಲೇ ಅದೇ ರಾಗದಲ್ಲಿ ‘ನಾಲ್ಕೂ, ಚಹಾ ಚೆಲ್ಲಿದೋರು’, ‘ಆರೂ, ಎಣ್ಣೆ ತಲೆಯೋರು’ ಎಂದು ಆ ಶೀಟನ್ನು ಪಕ್ಕಕ್ಕೆ ಎಸೆಯುತ್ತಿದ್ದಳು. ಎಸೆದದ್ದು ಲೆಕ್ಕಕ್ಕಿಲ್ಲ, ಮುಂದಿನ ಶೀಟಿಗೆ ಮತ್ತೆ ಅದೇ ಅಂಕಿ. ಕನ್ನಡ ಅರೆಬರೆ ಬರುವವರು ಯಾರೋ ‘ನಾಲ್ಕೂ’ ಎರಡು ಸಲ ಬರುವುದರಲ್ಲಿ ಏನೋ ಗೂಢವಿದೆ ಎಂದು ಬರೆದಿದ್ದರು. ಸೊಸೆ ಅದನ್ನು ಓದಿ ಹೇಳಿದಾಗ ಬಾಯಣ್ಣನಿಗೂ ಒಂದು ಗಳಿಗೆ ಇರಬಹುದೇನೋ ಅನ್ನಿಸಿತು.

ಹೆಂಡತಿ ವಿಡಿಯೊವನ್ನು ಎರಡು ಸಲ ನೋಡಿದಳು. ಆಮೇಲೆ ಅಂಗೈಗಳನ್ನು ತಿರುಗಿಸಿ ನೋಡಿಕೊಂಡು, “ನನ್ನ ಕೈ ಇಷ್ಟು ಮುದಿಯಾಗಿದೆಯಾ?” ಎಂದು ಕೇಳಿದಳು.

ಮುಚ್ಚುವ ಮಾತಿನಲ್ಲಿದ್ದ ಲಾಡ್ಜು ತುಂಬಿಹೋಯಿತು. ಬಂದವರಿಗೆ ಬಾಯಣ್ಣ ಮಡಚುವುದನ್ನು ನೋಡಿದರೆ ಸಾಲದು, ಇನ್ನೊಂದು ತುದಿಯನ್ನು ತಾವೇ ಹಿಡಿಯಬೇಕು, ಅದನ್ನು ಜೊತೆಯವರು ತೆಗೆಯಬೇಕು. ಯಜಮಾನರು ಅವನನ್ನು ಕರೆಸಿ ಕುರ್ಚಿ ತೋರಿಸಿದರು. ಕುರ್ಚಿ ತೋರಿಸಿದರೆ ಏನೋ ಇದೆ ಎಂದೇ ಅರ್ಥ. ಒಗೆಯುವುದನ್ನು ಬರುವ ತಿಂಗಳಿಂದ ಯಂತ್ರದವರಿಗೆ ಕೊಡುವುದು, ಬೆಳಿಗ್ಗೆ ಏಳಕ್ಕೆ ತಾರಸಿಯಲ್ಲಿ ಗಿರಾಕಿಗಳ ಜೊತೆ ಅವನು ಮಡಚುವುದು, ಅವನ ಹೆಂಡತಿ ಇನ್ನು ಬರುವುದು ಬೇಡ. ಅವರಿಗೂ ವಯಸ್ಸಾಯಿತಲ್ಲಪ್ಪ, ಆರಾಮಾಗಿರಲಿ ಎಂದರು ಯಜಮಾನರು. ಬಾಯಣ್ಣ ಅರ್ಥವಾಗುವ ಮೊದಲೇ ತಲೆಯಾಡಿಸಿಬಿಟ್ಟಿದ್ದ.

ಹೆಂಡತಿಗೆ ಹೇಳಲು ಎರಡು ದಿನ ಬೇಕಾಯಿತು. ಅದೂ ದಾರಿಯಲ್ಲಿ, ಮುಖ ನೋಡದೆ.

“ನನ್ನ ತುದಿ ಯಾರು ಹಿಡೀತಾರಂತೆ?” ಎಂದಳು ಅವಳು.

“ಬಂದೋರು.”

“ಯಾಕೆ?”

“ಗೊತ್ತಿಲ್ಲ.”

“ಅವರ ಮನೇಲಿ ಬೆಡ್‌ಶೀಟ್ ಇಲ್ವಾ?”

ಬಾಯಣ್ಣ ಹೆಜ್ಜೆ ಬಿರುಸು ಮಾಡಿದ. ಅವಳೂ ಅವನ ಸಮಕ್ಕೆ ಹೆಜ್ಜೆ ಹಾಕಿ, “ಹಾಗಾದ್ರೆ ನಾನು ಮನೇಲಿ ಕೂತು ಏನು ಮಾಡ್ಲಿ ರೀ? ನಿಮ್ಮನ್ನ ಫೋನಲ್ಲಿ ನೋಡ್ಲಾ?” ಎಂದಳು. ಜಗಳವಾಡಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಅಂದು ಅವಳು ಜಗಳವಾಡಲಿಲ್ಲ.

ತಿಂಗಳು ಮುಗಿಯಲು ಹತ್ತು ದಿನವಿತ್ತು. ಅವಳು ಕೆಳಗೆ ಅಂಗಳದಲ್ಲಿ ಒಗೆಯುತ್ತಿದ್ದಳು, ಅವನು ಮೇಲೆ ಗಿರಾಕಿಗಳೊಂದಿಗೆ ಮಡಚುತ್ತಿದ್ದ. ಮಡಚುವುದೆಂದರೆ ಬಟ್ಟೆಯ ಎರಡು ಮೂಲೆ ಹಿಡಿದು ಒಬ್ಬರ ಕಡೆಗೊಬ್ಬರು ನಡೆಯುವುದು, ಅಷ್ಟೇ. ಆದರೆ ಬಂದವರು ಕ್ಯಾಮೆರಾ ಎಲ್ಲಿದೆಯೋ ಅತ್ತ ತಿರುಗಿ ನಿಲ್ಲುತ್ತಿದ್ದರು. ಅವನು ಎರಡು ಹೆಜ್ಜೆ ಮುಂದೆ ಬಂದರೆ ಅವರು ನಗುತ್ತಾ ಎರಡು ಹೆಜ್ಜೆ ಹಿಂದೆ ಹೋಗುತ್ತಿದ್ದರು. ಅವನು ‘ಒಂದೂ’ ಎಂದರೆ ಅವರೂ ‘ಒಂದೂ’ ಎನ್ನುತ್ತಿದ್ದರು. ‘ಎರಡೂ’ ಯಾರು ಹೇಳಬೇಕೆಂದು ತಿಳಿಯದೆ ಅವನು ನಿಲ್ಲುತ್ತಿದ್ದ. ಆ ನಿಲ್ಲುವುದೂ ಚೆನ್ನಾಗಿದೆ ಎಂದರು. ಒಳ್ಳೆಯ ಜನ, ಅವನ ಕೈ ಕುಲುಕಿ, ಆರೋಗ್ಯ ವಿಚಾರಿಸಿ ಹೋಗುತ್ತಿದ್ದರು. ಕೆರೆಯ ಕಡೆಗೆ ಮಾತ್ರ ಹೋಗುತ್ತಿರಲಿಲ್ಲ. ಇಷ್ಟು ದೂರ ಬಂದವರು ಕೆರೆ ನೋಡದೆ ಹೋಗುತ್ತಾರಲ್ಲ ಎಂದು ಅವನು ತಾನೇನೋ ತಪ್ಪು ಮಾಡಿದವನಂತೆ ಕಿಟಕಿಯಲ್ಲಿ ನಿಲ್ಲುತ್ತಿದ್ದ.

ಆರನೆಯ ದಿನ ಒಂಬತ್ತನೇ ನಂಬರ್ ಕೋಣೆಯವರು ಹಾಸಿಗೆಯ ಮೇಲಿನ ಕಂದು ಕಲೆಯ ಫೋಟೊ ತೆಗೆದು ಎಲ್ಲರಿಗೂ ಕಾಣುವ ಹಾಗೆ ಹಾಕಿದರು. ಮರುದಿನ ಇನ್ನಿಬ್ಬರು. ಯಜಮಾನರು ಈ ಸಲ ಕುರ್ಚಿ ತೋರಿಸಲಿಲ್ಲ. ಇಷ್ಟು ವರ್ಷ ಇಲ್ಲದ ಕಲೆ ಈಗ ಎಲ್ಲಿಂದ ಬಂತೆಂದು ಕೇಳಿದರು.

“ಅವಳು ನೋಡ್ತಿದ್ಲು ಸಾರ್,” ಎಂದ ಬಾಯಣ್ಣ.

“ಏನನ್ನ?”

“ಬೆಳಕು.”

ಯಜಮಾನರೂ ಪಕ್ಕದಲ್ಲಿದ್ದ ಸೊಸೆಯೂ ಮುಖ ಮುಖ ನೋಡಿಕೊಂಡರು. ಬಾಯಣ್ಣ ಕೈಯಾಡಿಸಿ, ಸೂರ್ಯ ಇಲ್ಲಿ, ನಾನು ಇಲ್ಲಿ, ಅವಳು ಅಲ್ಲಿ ಎಂದು ತೋರಿಸಿದ. ಅವಸರದಲ್ಲಿ ಮೊದಲು ಸೂರ್ಯನನ್ನೇ ತಪ್ಪು ಗೋಡೆಗೆ ತೋರಿಸಿಬಿಟ್ಟ, ಮತ್ತೆ ತಿದ್ದಿದ. ಅರ್ಥವಾದದ್ದು ಸೊಸೆಗೆ. ಅವಳು ಸ್ವಲ್ಪ ಯೋಚಿಸಿ ದಾರಿ ಹುಡುಕಿದಳು. ಒಗೆಯುವುದು ಯಂತ್ರದವರಿಗೇ ಇರಲಿ. ಬಾಯಣ್ಣನ ಹೆಂಡತಿ ಬೆಳಿಗ್ಗೆ ಒಂದು ಗಂಟೆ ಬರಲಿ, ಗಿರಾಕಿಯ ಹಿಂದೆ, ನೀರಿನ ಟ್ಯಾಂಕಿನ ಪಕ್ಕ ನಿಂತು ಕಲೆ ನೋಡಲಿ. ಫೋಟೊದಲ್ಲಿ ಬೀಳದಂತೆ ನಿಂತರಾಯಿತು.

ಹೆಂಡತಿಯ ಕೆಲಸ ಉಳಿಯಿತೋ ಹೋಯಿತೋ ಬಾಯಣ್ಣನಿಗೆ ತಿಳಿಯಲಿಲ್ಲ. ಅಂಗಳಕ್ಕೆ ಇಳಿದು ಅವಳಿಗೆ ಒಳ್ಳೆಯ ಸುದ್ದಿ ಹೇಳುವವನ ದನಿಯಲ್ಲಿ ಶುರುಮಾಡಿ ಅರ್ಧಕ್ಕೇ ದನಿ ಬದಲಾಯಿಸಿದ. ಅವಳು ಸೋಪಿನ ನೊರೆ ಕೊಡವಿ, “ನಾಳೆ ಬರ್ತೀನಿ,” ಎಂದಳು. ಅವಳು ಕೋಪದಲ್ಲಿದ್ದಾಳೋ ಸಮಾಧಾನದಲ್ಲಿದ್ದಾಳೋ ಅವನಿಗೆ ಅದೂ ಹೊಳೆಯಲಿಲ್ಲ.

ಮರುದಿನ ತಾರಸಿಯಲ್ಲಿ ಏಳೆಂಟು ಜನ. ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ತುದಿ ಹಿಡಿದಳು, ಅವಳ ಗಂಡ ಫೋನ್ ಹಿಡಿದ. ಬಾಯಣ್ಣನ ಹೆಂಡತಿ ಟ್ಯಾಂಕಿನ ನೆರಳಿನಲ್ಲಿ ನಿಂತಿದ್ದಳು. ಮೊದಲ ಶೀಟು ಹೇಗೋ ಆಯಿತು. ಎರಡನೆಯದನ್ನು ಹರವಿದಾಗ ಗಾಳಿ ಬಂತು. ಹುಡುಗಿ ನಕ್ಕು ಹಿಂದೆ ಸರಿದಳು, ಬಟ್ಟೆಯ ಅಂಚು ನೆಲಕ್ಕೆ ತಾಗಿತು.

“ಎರಡೂ, ಪೌಡರ್ ಮುಖದೋರು,” ಎಂದಿತು ನೆರಳಿನಿಂದ ದನಿ.

ಎಲ್ಲ ಫೋನುಗಳೂ ಒಮ್ಮೆಲೇ ಅತ್ತ ತಿರುಗಿದವು. ವಿಡಿಯೊದ ದನಿ ಇದೇ, ಇದೇ ಎಂದು ಯಾರೋ ಪಿಸುಗುಟ್ಟಿದರು. ಬಾಯಣ್ಣ ಕೈಯಲ್ಲಿ ಎರಡು ಮೂಲೆ ಹಿಡಿದು ನಿಂತಲ್ಲೇ ನಿಂತ. ಹೆಂಡತಿ ಯಾರ ಕಡೆಗೂ ನೋಡದೆ ಬಿಸಿಲಿಗೆ ಬಂದು ಹುಡುಗಿಯ ಎದುರು ಕೈ ಚಾಚಿದಳು.

“ಬಿಡಮ್ಮ, ನೆಲಕ್ಕೆ ತಾಗ್ತಿದೆ.”

ಹುಡುಗಿ ಬಿಟ್ಟುಕೊಟ್ಟಳು. ಕಲೆಯ ಶೀಟು ಪಕ್ಕಕ್ಕೆ ಹೋಯಿತು. ಹೆಂಡತಿ ಬುಟ್ಟಿಯಿಂದ ಬೇರೊಂದನ್ನು ತೆಗೆದು ಒಂದು ತುದಿಯನ್ನು ಅವನ ಕಡೆಗೆ ಎಸೆದಳು. ಎಳೆದರು, ನಡೆದರು, ಅವನ ಮೂಲೆಗಳು ಅವಳ ಕೈಗೆ ಹೋದವು. ಅವಳು ‘ಎರಡೂ’ ಎಂದಳು. ಎಷ್ಟು ದಿನದ ಮೇಲೋ ಅವನ ಕೈಯಲ್ಲಿ ಬಟ್ಟೆ ಬಿಗಿಯಾಗಿ ನಿಂತಿತ್ತು.

ಅಷ್ಟರಲ್ಲಿ ಹುಡುಗಿಯ ಗಂಡ ಮುಂದೆ ಬಂದು, ತೆಗೆಯುವುದು ತಪ್ಪಿಹೋಯಿತು, ಅದನ್ನೇ ಬಿಚ್ಚಿ ಇನ್ನೊಂದು ಸಲ ಮಡಚಬಹುದೇ ಎಂದು ಬಹಳ ವಿನಯದಿಂದ ಕೇಳಿದ. ಮಡಚಿದ ಶೀಟನ್ನು ಬಿಚ್ಚಿ ಎಂದು ಈ ಇಪ್ಪತ್ತೆರಡು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಬಾಯಣ್ಣ ಯಜಮಾನರ ಸೊಸೆಯ ಕಡೆ ನೋಡಿದ. ಅವಳು ಮೆಟ್ಟಿಲ ಬಳಿ ನಿಂತು, ಆಗಲಿ ಎಂದೋ ಬೇಡ ಎಂದೋ ತಿಳಿಯದ ಹಾಗೆ ಕೈಯೆತ್ತಿದಳು. ಹೆಂಡತಿಯ ಕಡೆ ನೋಡಿದ. ಅವಳು ಮಡಚಿದ್ದನ್ನು ಆಗಲೇ ಒತ್ತಿ ಇಟ್ಟು, ಮುಂದಿನ ಶೀಟಿನ ಎರಡು ಮೂಲೆ ಹಿಡಿದು, ಅವನ ತುದಿ ಅವನು ಎತ್ತಿಕೊಳ್ಳಲಿ ಎಂದು ಕಾಯುತ್ತಿದ್ದಳು.

ಅವನು ಎತ್ತಿಕೊಂಡ. ಬಾಯಿ ತೆರೆದ. ಈಗ ಯಾವ ಅಂಕಿ ಹೇಳಬೇಕೆಂಬುದೇ ಮರೆತುಹೋಗಿತ್ತು.