ನವಿಲುಗಳ ಪಾಲಾದ ನನ್ನ ಅಲಾರಂ

ಅಪ್ಪ ನನ್ನ ಅಲಾರಂ ಗಡಿಯಾರವನ್ನು ನವಿಲುಗಳಿಗೆ ಕೊಟ್ಟುಬಿಟ್ಟರು. ಕೇಳಿದವರೆಲ್ಲ ಇದಕ್ಕೆ ನಗುತ್ತಾರೆ. ನನಗೆ ಆಗಲೂ ನಗು ಬರಲಿಲ್ಲ, ಈಗಲೂ ಬರುವುದಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಅಜ್ಜಂಪುರದಿಂದ ದಿನವೂ ಬೆಳಗಿನ ರೈಲು ಹಿಡಿದು, ಬೀರೂರು ದಾಟಿ, ಕಡೂರಿಗೆ ಪಿಯುಸಿ ಓದಲು ಹೋಗುತ್ತಿದ್ದೆ. ಹುಡುಗಿ ಹೊತ್ತಿಗೆ ಸರಿಯಾಗಿ ಏಳಲಿ ಎಂದು ಸೋದರಮಾವ ತರೀಕೆರೆಯಿಂದ ಆ ಗಡಿಯಾರ ತಂದುಕೊಟ್ಟಿದ್ದರು. ತಲೆಯ ಮೇಲೆ ಎರಡು ಗಂಟೆ, ಬೆನ್ನಿಗೆ ಎರಡು ಕೀಲಿ. ಒಂದು ಗಡಿಯಾರಕ್ಕೆ, ಇನ್ನೊಂದು ಅಲಾರಂಗೆ. ನನ್ನ ಲಂಗ, ಪುಸ್ತಕ, ಚೀಲ ಎಲ್ಲವೂ ಅಕ್ಕನಿಂದ ಇಳಿದು ಬಂದವು. ಗಡಿಯಾರ ಮಾತ್ರ ಹೊಸದಾಗಿ ನನ್ನ ಕೈಗೇ ಬಂದದ್ದು.

ಅಪ್ಪನದು ಹಿಟ್ಟಿನ ಗಿರಣಿ. ಊರಿನ ಅಂಚಿನಲ್ಲಿ ಮುಂದೆ ಗಿರಣಿ, ಹಿಂದೆ ನಮ್ಮ ಮನೆ. ಹಿತ್ತಲಿಗೆ ಅಂಟಿಕೊಂಡೇ ದೊಡ್ಡಪ್ಪನ ಹೊಲ, ಅದರಾಚೆ ದನ ಮೇಯುವ ಕಾವಲು. ಕಾವಲಿನ ಪೊದೆಗಳಿಂದ ನವಿಲುಗಳು ಬೆಳಕು ಹರಿಯುತ್ತಲೇ ನಮ್ಮ ಹಿತ್ತಲಿಗೆ ಬರುತ್ತಿದ್ದವು. ಗಿರಣಿಯಲ್ಲಿ ಚೆಲ್ಲಿದ ಜೋಳವನ್ನೂ ರಾಗಿಯನ್ನೂ ಗುಡಿಸಿಟ್ಟು ಅಪ್ಪ ಅವಕ್ಕೆ ಎರಚುತ್ತಿದ್ದರು. ಒಂದು ಹತ್ತು ನವಿಲು ಇದ್ದಿರಬಹುದು. ತಿಂದು ತಮ್ಮ ಪಾಡಿಗೆ ಹೋಗುತ್ತಿದ್ದವು, ಯಾರಿಗೂ ತೊಂದರೆ ಇರಲಿಲ್ಲ.

ದೊಡ್ಡಪ್ಪ ಅದುವರೆಗೆ ಹತ್ತಿ ಬೆಳೆಯುತ್ತಿದ್ದರು. ಆ ವರ್ಷ ಕಡಲೆಕಾಯಿ ಬಿತ್ತಿದರು. ಅಲ್ಲಿಂದ ಶುರುವಾಯಿತು. ಅಪ್ಪ ಕಾಳು ಹಾಕುವುದು ತಡವಾದ ದಿನ ನವಿಲುಗಳು ಹೊಲಕ್ಕಿಳಿದು ಸಾಲು ಹಿಡಿದು ಬೀಜ ಕೆದರಿ ತಿಂದವು. ದೊಡ್ಡಪ್ಪ ಗಿರಣಿಯ ಬಾಗಿಲಿಗೇ ಬಂದು ನಿಂತರು.

"ಲೇ ತಮ್ಮ, ನಿನ್ನ ನವಿಲು ನನ್ನ ಬೀಜ ತಿಂತಾವೆ. ಇನ್ನೊಂದ್ಸಲ ಹಿಂಗಾದ್ರೆ ಕಾಳಿಗೆ ಎಂಡ್ರಿನ್ ಕಲಸಿ ಎರಚ್ಬಿಡ್ತೀನಿ. ಆಮೇಲೆ ನನ್ನ ಬೈಬ್ಯಾಡ."

ಎಂಡ್ರಿನ್ ಎಂದರೆ ಅವರು ಹತ್ತಿಯ ಹುಳಕ್ಕೆ ಹೊಡೆಯುತ್ತಿದ್ದ ವಿಷ. ಬಾಯಿಮಾತಿಗೆ ಹೇಳುವ ಆಸಾಮಿ ಅವರಲ್ಲ. ಹಿಂದಿನ ವರ್ಷ ಇಲಿಗೆಂದು ಅವರಿಟ್ಟ ಔಷಧಿ ತಿಂದು ನಮ್ಮ ಬೀದಿಯ ನಾಯಿ ಸತ್ತಿತ್ತು.

ಅಪ್ಪ ಅಂದರು: "ಬೀಜ ಮೊಳೆತು ನಾಕೆಲೆ ಆಗೋವರ್ಗೂ ತಡ್ಕೊ ಅಣ್ಣ. ಹೊತ್ತಿಗೆ ಸರ್ಯಾಗಿ ಇಲ್ಲೇ ಹೊಟ್ಟೆ ತುಂಬಿದ್ರೆ ನಿನ್ನ ಹೊಲಕ್ಕೆ ಯಾಕ್ ಹೋಗ್ತಾವೆ? ಅದು ನನ್ನ ಜವಾಬ್ದಾರಿ."

ಹೊತ್ತಿಗೆ ಸರಿಯಾಗಿ ಎಂಬುದೇ ನಮ್ಮ ಮನೆಯಲ್ಲಿ ಆಗದ ಮಾತು. ಆಗಿನ ಕರೆಂಟು ಯಾವಾಗ ಬರುತ್ತಿತ್ತು, ಯಾವಾಗ ಹೋಗುತ್ತಿತ್ತು ಎಂದು ಹೇಳುವವರೇ ಇರಲಿಲ್ಲ. ಬಂತೆಂದರೆ ಅಪ್ಪ ಉಟ್ಟ ಬಟ್ಟೆಯಲ್ಲೇ ಗಿರಣಿಗೆ ಓಡಬೇಕು. ಡಬ್ಬ, ಚೀಲ ಸಾಲಾಗಿಟ್ಟು ಜನ ಕಾಯುತ್ತಿರುತ್ತಿದ್ದರು. ಆ ಗದ್ದಲದಲ್ಲಿ ನವಿಲು ನೆನಪಾಗುವ ಹೊತ್ತಿಗೆ ಬಿಸಿಲೇರಿರುತ್ತಿತ್ತು. ಒಂದು ಮೊರ ಕಾಳು ನಾನು ಎರಚಿ ಹೋಗುತ್ತೇನೆ ಎಂದೆ. ಅಮ್ಮನೂ ಎರಚುತ್ತೇನೆ ಎಂದಳು. ಅಪ್ಪ ಒಪ್ಪಲಿಲ್ಲ. ಹೆಂಗಸರಿಗೆ ಇನ್ನೊಂದು ಕೆಲಸ ಹೊರಿಸುವುದು ಅವರಿಗೆ ಇಷ್ಟವಿರಲಿಲ್ಲವಂತೆ. ಕೆಲಸ ತಾನಾಗಿ ಆಗಬೇಕು, ಅದಕ್ಕೊಂದು ಟೈಮರ್ ಬೇಕು ಎಂದು ಹೊರಟರು. ಆ ದೊಡ್ಡತನವನ್ನು ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಮೊದಲು ತರೀಕೆರೆಯಿಂದ ಒಂದು ಹಳೆಯ ಕರೆಂಟಿನ ಟೈಮರ್ ಬಂತು. ಬೀದಿದೀಪ ಹತ್ತಿಸಿ ಆರಿಸುವಂಥದು. ಸುತ್ತ ಗಂಟೆ ಬರೆದ ಬಿಲ್ಲೆ, ಬೇಕಾದ ಗಂಟೆಗೆ ಸಿಕ್ಕಿಸಲು ಪುಟ್ಟ ಮೊಳೆಗಳು. ಅಪ್ಪನಿಗೆ ಅದನ್ನು ನೋಡಿಯೇ ಅರ್ಧ ಹೊಟ್ಟೆ ತುಂಬಿತು. ಆದರೆ ಕರೆಂಟು ಹೋದಾಗ ಆ ಬಿಲ್ಲೆಯೂ ನಿಲ್ಲುತ್ತಿತ್ತು, ಬಂದಾಗ ನಿಂತಲ್ಲಿಂದಲೇ ಹೊರಡುತ್ತಿತ್ತು. ಎರಡೇ ದಿನದಲ್ಲಿ ಅದರ ಬೆಳಗಿನ ಆರು ಗಂಟೆ ನಮ್ಮ ಮಟಮಟ ಮಧ್ಯಾಹ್ನಕ್ಕೆ ಬಂದು ಕೂತಿತು. ಕರೆಂಟು ನಂಬಲಾಗದೆಂದು ತಾನೇ ಟೈಮರ್ ತಂದದ್ದು? ಅದನ್ನೂ ಕರೆಂಟಿಗೇ ಹಚ್ಚಿದರಲ್ಲ ಎಂದು ಕೇಳಿದೆ. ಅಪ್ಪ ನನ್ನ ಕೋಣೆಯ ಗೂಡಿನಲ್ಲಿದ್ದ ಅಲಾರಂ ಕಡೆ ನೋಡಿದರು.

ಅಲಾರಂ ಹೊಡೆಯುವಾಗ ಬೆನ್ನಿನ ಅಲಾರಂ ಕೀಲಿ ಗಿರಗಿರನೆ ತಿರುಗುತ್ತದೆ. ಆ ಕೀಲಿಗೆ ದಾರ ಕಟ್ಟಿದರು. ಎಣ್ಣೆ ಡಬ್ಬವೊಂದರ ತಳ ಕತ್ತರಿಸಿ, ಕೀಲು ಹಾಕಿ ಬಾಗಿಲಿನಂತೆ ಮಾಡಿ, ಮೊಳೆಯೊಂದನ್ನು ಚಿಲಕವಾಗಿ ಸಿಕ್ಕಿಸಿದರು. ದಾರ ಕೀಲಿಗೆ ಸುತ್ತಿಕೊಂಡು ಮೊಳೆ ಎಳೆದರೆ ಬಾಗಿಲು ಬಿದ್ದು ಕಾಳೆಲ್ಲ ನೆಲಕ್ಕೆ. ಡಬ್ಬವನ್ನು ಹಿತ್ತಲಿನ ಬೇವಿನ ಮರಕ್ಕೆ ತೂಗುಹಾಕಿ, ಗಡಿಯಾರಕ್ಕೆ ಒಂದು ತಗಡಿನ ಚಾವಣಿಯನ್ನೂ ಹೊದಿಸಿದರು.

"ಹಂಗಾದ್ರೆ ನನ್ನ ಎಬ್ಬಿಸೋರ್ಯಾರು?" ಎಂದೆ.

"ನಿಮ್ಮಮ್ಮ ಇಲ್ವೇನವ್ವ" ಎಂದರು.

ಸುಳ್ಳು ಹೇಳಬಾರದು, ಮೊದಲ ದಿನ ಅದು ಚೆನ್ನಾಗಿಯೇ ನಡೆಯಿತು. ಆರಕ್ಕೆ ಸರಿಯಾಗಿ ಗಂಟೆ ಹೊಡೆಯಿತು, ಕಾಳು ಸುರಿಯಿತು. ಬೆದರಿ ಹಾರಿದ ನವಿಲುಗಳು ಮತ್ತೆ ಬಂದು ತಿಂದವು. ಗಿರಣಿಗೆ ಬಂದವರನ್ನೆಲ್ಲ ಅಪ್ಪ ಹಿತ್ತಲಿಗೆ ಕರೆದೊಯ್ದು ತೋರಿಸಿದರು. "ಯಾರೂ ಮುಟ್ಟೋ ಹಂಗೇ ಇಲ್ಲ ಕಣ್ರೀ, ತಾನೇ ತಾನಾಗಿ" ಎಂದರು. ಡಬ್ಬಕ್ಕೆ ದಿನಾ ಕಾಳು ತುಂಬುವವಳು ಅಮ್ಮ. ದಾರ ಬಿಚ್ಚಿ, ಮೊಳೆ ಸಿಕ್ಕಿಸಿ, ಏಣಿ ಹತ್ತಿ ಎರಡೂ ಕೀಲಿ ಕೊಡುವವಳೂ ಅಮ್ಮನೇ. ಮಳೆಗೆ ನೆಂದು ಉಬ್ಬಿದ ಜೋಳವನ್ನು ಕೆರೆದು ತೆಗೆಯುವವಳು ನಾನು. ಒಂದು ಮೊರ ಕಾಳು ಎರಚಲು ಇಷ್ಟರ ಹತ್ತರಲ್ಲೊಂದು ಪಾಲು ಹೊತ್ತೂ ಬೇಕಿರಲಿಲ್ಲ.

ಆ ಗಡಿಯಾರಕ್ಕೆ ಬೆಳಗಿನ ಆರೂ ಒಂದೇ, ಸಂಜೆಯ ಆರೂ ಒಂದೇ. ಕೀಲಿ ಪೂರ್ತಿ ಬಿಚ್ಚದೆ ಉಳಿದು, ಅಮ್ಮ ಹಗಲೇ ಡಬ್ಬ ತುಂಬಿಟ್ಟಿದ್ದರೆ ಸಂಜೆಯೂ ಗಂಟೆ ಹೊಡೆದು ಕಾಳು ಸುರಿಯುತ್ತಿತ್ತು, ಊರಿನ ಕೋಳಿಗಳಿಗೆಲ್ಲ ಹಬ್ಬ. ಕೀಲಿ ಕಡಿಮೆ ಕೊಟ್ಟರೆ ಬೆಳಿಗ್ಗೆ ಮೊಳೆ ಅಲ್ಲಾಡುತ್ತಿರಲಿಲ್ಲ. ಐದಕ್ಕೆ ಇಟ್ಟು ನೋಡಿದರು. ಕತ್ತಲಲ್ಲಿ ಬಿದ್ದದ್ದನ್ನು ಕಾವಲಿನ ಹಂದಿಗಳು ಬಂದು ನೆಲ ಸಮೇತ ಉತ್ತು ತಿಂದು ಹೋದವು. ಆರೂವರೆಗೆ ಇಟ್ಟರೆ ಕಾಗೆಗಳು ಡಬ್ಬದ ಮೇಲೇ ಕೂತು ಕಾಯುತ್ತಿದ್ದವು. ನಾನು ಏನು ಹೇಳಿದರೂ ಅಪ್ಪನದು ಒಂದೇ ಮಾತು: "ಟೈಮು ಒಂಚೂರು ಹಿಂದೆಮುಂದೆ ಮಾಡಿದ್ರೆ ಸರಿಹೋಗ್ತದೆ ಕಣವ್ವ." ಅಷ್ಟರಲ್ಲಿ ಅಮ್ಮ ಡಬ್ಬದ ಹಿಂದೆ ಓಡಾಡುತ್ತ ನನ್ನನ್ನು ಎಬ್ಬಿಸಲು ಮರೆತು, ನನಗೆ ಎಷ್ಟೋ ದಿನ ರೈಲು ತಪ್ಪಿತು. ಕ್ಲಾಸಿನ ಬಾಗಿಲಲ್ಲಿ ನಿಂತು, ಮನೆಯ ಅಲಾರಂ ನವಿಲಿಗೆ ಹೋಗಿದೆ ಎಂದು ಲೆಕ್ಚರರಿಗೆ ಹೇಗೆ ಹೇಳುವುದು?

ಇದನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಬೇರೆ. ನವಿಲುಗಳು ಹೆಚ್ಚುತ್ತ ಹೋದವು. ದಿನವೂ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಊಟ ಎಂದರೆ ಯಾರು ಬಿಡುತ್ತಾರೆ? ಕಾವಲಿನ ಆ ಕಡೆಯವೂ ಬಂದವು, ಮರಿಗಳನ್ನು ಕರೆದುಕೊಂಡೂ ಬಂದವು. ಅವು ಏಳುವುದು ಬೆಳಕಿಗೆ, ಗಡಿಯಾರ ಹೊಡೆಯುವುದು ಆರಕ್ಕೆ. ನಡುವಿನ ಹೊತ್ತಿನಲ್ಲಿ ಅವೆಲ್ಲ ಎಲ್ಲಿ ಕಾಯಬೇಕು? ದೊಡ್ಡಪ್ಪನ ಹೊಲದಲ್ಲಿ ಕಾಯುತ್ತಿದ್ದವು. ಸುಮ್ಮನೆ ನಿಂತು ಕಾಯಲು ಅವೇನು ರೇಷನ್ ಅಂಗಡಿಯ ಜನವೇ? ಕೆದರುತ್ತ ಕಾಯುತ್ತಿದ್ದವು. ಯಾವ ಹೊಲದಿಂದ ದೂರ ಇಡಬೇಕೆಂದು ಇಷ್ಟೆಲ್ಲ ಮಾಡಿದೆವೋ ಅದೇ ಹೊಲಕ್ಕೆ ನಾವೇ ಅವನ್ನು ಕರೆದು ಕೂರಿಸಿದ್ದೆವು. "ಕಿತ್ತಾಕಿ ಅಪ್ಪ, ದೊಡ್ಡಪ್ಪ ವಿಷ ಹಾಕ್ತಾರೆ" ಎಂದು ಅತ್ತುಕೊಂಡೇ ಹೇಳಿದೆ. ಅಪ್ಪ ಏಣಿ ಹತ್ತಿ ಅಲಾರಂ ಮುಳ್ಳನ್ನು ಕಾಲು ಗಂಟೆ ಹಿಂದಕ್ಕೆ ತಿರುಗಿಸಿ ಇಳಿದರು.

ದೊಡ್ಡಪ್ಪ ಬಂದದ್ದು ಒಂದು ಭಾನುವಾರ. ಕಡಲೆಕಾಯಿ ಅಲ್ಲೊಂದು ಇಲ್ಲೊಂದು ಮೊಳಕೆ ಬಿಟ್ಟಿತ್ತು, ಹೊಲದ ಅರ್ಧ ಬರಿ ಮಣ್ಣು. ಅವರು ಕೂಗಾಡುತ್ತಾರೆಂದು ನಾನೂ ಅಮ್ಮನೂ ಬಾಗಿಲ ಹಿಂದೆ ನಿಂತಿದ್ದೆವು. ಕೂಗಾಡಲಿಲ್ಲ. ಕಂಕುಳಲ್ಲಿದ್ದ ಎಂಡ್ರಿನ್ ಡಬ್ಬಿಯನ್ನು ಅಪ್ಪನ ಮುಂದೆ ಜಗುಲಿಯ ಮೇಲಿಟ್ಟರು.

"ತಗಾ, ನೀನೇ ಹಾಕು" ಎಂದರು. "ನನ್ನ ಹೊಲದಾಗ ಎರಚಿದ್ರೆ ತಿಂದ್ರೆ ತಿಂದ್ವು, ಇಲ್ಲದಿದ್ರೆ ಇಲ್ಲ. ಅರ್ಧ ಸಾಯ್ತಾವೆ, ಅರ್ಧ ಉಳೀತಾವೆ. ನಿನ್ನ ಡಬ್ಬದಾಗ ಕಲಸು. ಒಂದೂ ತಪ್ಪಾಕಿಲ್ಲ. ಎಲ್ಲಾ ಟೈಮಿಗೆ ಸರ್ಯಾಗಿ ಬತ್ತಾವೆ."

ದೊಡ್ಡಪ್ಪ ಹಿತ್ತಲಿನ ಕಡೆ ಕೈ ತೋರಿಸಿದರು.

"ಹತ್ತು ನವಿಲಿದ್ದಾಗ ನಾನು ಬೈಕೊಂಡು ಸುಮ್ಕಿರ್ತಿದ್ದೆ ಕಣೋ. ಇಷ್ಟು ಮಾಡ್ದೋನು ನೀನು. ಈ ಗುರುವಾರದ ತನಕ ನೋಡ್ತೀನಿ. ಮತ್ತೆ ಬೀಜ ಹಾಕ್ಬೇಕು. ಆಮೇಲೂ ನವಿಲು ಹೊಲದಾಗ ನಿಂತಿದ್ರೆ ನಾನೇ ಬಂದು ನಿನ್ನ ಡಬ್ಬ ತುಂಬ್ತೀನಿ." ಅಮ್ಮ ಕೊಟ್ಟ ನೀರನ್ನೂ ಕುಡಿಯದೆ ಹೋದರು.

ಆ ಸಂಜೆಯೇ ಅಪ್ಪ ಡಬ್ಬ ಇಳಿಸಿದರು. ಗಡಿಯಾರವನ್ನು ಒರೆಸಿ ತಂದು ನನ್ನ ಗೂಡಿನಲ್ಲಿಟ್ಟರು. ನನಗೆ ಅದನ್ನು ನೋಡುವ ಮನಸ್ಸೂ ಆಗಲಿಲ್ಲ.

ಡಬ್ಬ ಇಳಿದ ಮಾತ್ರಕ್ಕೆ ನವಿಲು ಬರುವುದು ನಿಲ್ಲುತ್ತದೆಯೇ? ಸೋಮವಾರ ಎಲ್ಲವೂ ಬಂದು ಬೇವಿನ ಮರದ ಕೆಳಗೆ ನಿಂತವು. ಕಾಳು ಬೀಳದಿದ್ದಾಗ ನೆಟ್ಟಗೆ ಹೊಲಕ್ಕಿಳಿದವು. ಮಂಗಳವಾರ ನಾನೂ ಅಮ್ಮನೂ ತಟ್ಟೆ ಬಡಿದೆವು. ಗಂಟೆಯ ಸದ್ದಿಗೆ ಪಳಗಿದವಕ್ಕೆ ತಟ್ಟೆ ಯಾವ ಲೆಕ್ಕ? ಊಟಕ್ಕೇ ಕರೆಯುತ್ತಿದ್ದೇವೆ ಎಂದುಕೊಂಡು ಇನ್ನೂ ಹತ್ತಿರ ಬಂದವು. ಅಮ್ಮ ತಟ್ಟೆಯನ್ನು ಅಲ್ಲೇ ಎಸೆದು ಒಳಗೆ ಹೋಗಿಬಿಟ್ಟಳು.

ಬುಧವಾರ ಬೆಳಿಗ್ಗೆ ಕರೆಂಟಿತ್ತು, ಗಿರಣಿಯ ಮುಂದೆ ಜನವೂ ಇದ್ದರು. ಅಪ್ಪ ಗಿರಣಿ ಹಚ್ಚಲಿಲ್ಲ. ಪಂಚೆಯ ಮಡಿಲಲ್ಲಿ ಕಲ್ಲು ತುಂಬಿಕೊಂಡು ಹೊಲದ ಬದುವಿನ ಮೇಲೆ ಹೋಗಿ ನಿಂತರು. ನಾನು ಅವರ ಹಿಂದೆಯೇ ಇದ್ದೆ. ಇವತ್ತು ಅವು ಹೆದರಿ ಹೋಗದಿದ್ದರೆ ನಾಳೆ ಸಾಯುತ್ತವೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಅಪ್ಪ ಒಂದು ಹಿಡಿ ಕಲ್ಲು ತೆಗೆದು ಅವುಗಳ ಮುಂದೆ ಬೀಸಿದರು. ಒಂದೂ ಹಾರಲಿಲ್ಲ. ಕತ್ತು ಚಾಚಿಕೊಂಡು ಓಡೋಡಿ ಬಂದು, ಬಿದ್ದ ಕಲ್ಲುಗಳನ್ನು ಒಂದೊಂದಾಗಿ ಕುಕ್ಕಿ ನೋಡಿದವು. ಅಪ್ಪ ಇನ್ನೊಂದು ಹಿಡಿ ಬೀಸಿದರು. ಅದನ್ನೂ ಕುಕ್ಕಿ ನೋಡಿ, ತಲೆಯೆತ್ತಿ ಅಪ್ಪನ ಕೈಯನ್ನೇ ನೋಡುತ್ತ ನಿಂತವು.

ಆಮೇಲೆ ಅಪ್ಪ ಮಡಿಲಿನಲ್ಲಿ ಹುಡುಕಿ ದೊಡ್ಡದೊಂದು ಕಲ್ಲು ಆರಿಸಿಕೊಂಡರು. ಎಲ್ಲಕ್ಕಿಂತ ಹತ್ತಿರ ಬಂದು ನಿಂತಿದ್ದ ಹೆಣ್ಣು ನವಿಲಿಗೆ ಗುರಿಯಿಟ್ಟು ಹೊಡೆದರು.